ತುಟಿ ಕಾಣುವ ಟೀವಿ

"ಇನ್ನೊಂದೀಟು ಬಾಜೂಕ ಸರಸ್ರಿ, ಗ್ಲಾಸಿನ ಮ್ಯಾಲ ಬೆಳಕು ಬೀಳಾಕತ್ಯಾದ," ಎಂದಳು ಸಾಬಮ್ಮ.

ಅಮೀರ್ ಅಲಿ ಟೀವಿಯನ್ನು ಮೇಜಿನ ಮೇಲೆ ಓರೆಯಾಗಿ ತಿರುಗಿಸಿದ. ಶಹಾಬಾದಿನ ಬಜಾರಿನಲ್ಲಿ ರೇಡಿಯೋ ಮಾರುತ್ತಿದ್ದ ಅವನ ಅಂಗಡಿಗೆ ಟೀವಿಗಳು ಬಂದು ಇನ್ನೂ ವರ್ಷವಾಗಿರಲಿಲ್ಲ. ಕೊಳ್ಳಲು ಬಂದವರೆಲ್ಲ ಮೊದಲು ಆವಾಜು ಏರಿಸಿ ನೋಡುತ್ತಿದ್ದರು. ಈ ಹೆಂಗಸು ಆ ಗುಂಡಿಯ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಹತ್ತಿರ ನಿಂತಳು, ಗೋಡೆಯವರೆಗೆ ಹಿಂದೆ ಸರಿದಳು, ಮುಖವೊಂದು ಗಾಜಿನ ಅಂಚಿಗೆ ಬಂದಾಗ ಸೊಟ್ಟಗಾಗುತ್ತದೆಯೇ ಎಂದು ಬಗ್ಗಿ ನೋಡಿದಳು.

ಸಾಬಮ್ಮನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮಗಳು ಲಾಲಮ್ಮ ಅಂಬೆಗಾಲಿಡುತ್ತಿದ್ದಾಗ ಬಂದ ಜ್ವರ ಇಳಿಯುವಾಗ ಕಿವಿಯನ್ನೂ ತೆಗೆದುಕೊಂಡು ಹೋಗಿತ್ತು. ಮಾತು ಉಳಿದಿತ್ತು. ಎದುರಿಗಿದ್ದವರ ತುಟಿ ನೋಡಿ ತಿಳಿಯುವುದನ್ನು ತಾನೇ ಕಲಿತಿದ್ದಳು. ಆದರೆ ಮಂದಿ ಎಷ್ಟು ಹೊತ್ತು ಎದುರಿಗಿರುತ್ತಾರೆ? ಅವರಿದ್ದ ವಾಡಿಯ ಕ್ವಾರ್ಟರ್ಸಿನ ನಳದ ಹತ್ತಿರ ಹೆಂಗಸರು ಮೊದಲೆರಡು ಮಾತು ಇವಳ ಕಡೆ ತಿರುಗಿ ಆಡುತ್ತಿದ್ದರು. ಆಮೇಲೆ ಮರೆತು ಕೊಡದ ಕಡೆ ಬಗ್ಗಿಬಿಡುತ್ತಿದ್ದರು. ಅವರು ನಕ್ಕಾಗ ಇವಳೂ ನಗುತ್ತಿದ್ದಳು. ಮನೆಯಲ್ಲಿ ಲಾಲಮ್ಮ ಇರುವವರೆಗೆ ಅಪ್ಪನ ಮಾತನ್ನು ಅವ್ವನಿಗೆ ಮುಟ್ಟಿಸುತ್ತಿದ್ದಳು. ಅವಳನ್ನು ಚಿಂಚೋಳಿಗೆ ಕೊಟ್ಟ ಮೇಲೆ ಗಂಡ ಜಗದೇವಪ್ಪ ಸಿಮೆಂಟ್ ಫ್ಯಾಕ್ಟರಿಯಿಂದ ಬಂದು ಕೈಸನ್ನೆಯಲ್ಲೇ ಎಲ್ಲ ಮುಗಿಸುತ್ತಿದ್ದ. ಊಟಕ್ಕೊಂದು ಸನ್ನೆ, ಚಹಾಕ್ಕೊಂದು.

ನೆರೆಯ ಮಹಾದೇವಮ್ಮನ ಮನೆಯಲ್ಲಿ ಸಾಬಮ್ಮ ಮೊದಲ ಸಲ ಟೀವಿ ನೋಡಿದ್ದಳು. ವಾರ್ತೆ ಓದುವ ಹೆಣ್ಣುಮಗಳು ಅತ್ತಿತ್ತ ತಿರುಗದೆ, ಬಾಯಿಗೆ ಸೆರಗು ಹಿಡಿಯದೆ, ಇವಳನ್ನೇ ನೋಡುತ್ತ ಕೊನೆಯವರೆಗೂ ಮಾತಾಡಿದ್ದಳು. ಅಷ್ಟು ಹೊತ್ತು ಯಾರಾದರೂ ತನ್ನ ಜೊತೆ ಮಾತಾಡಿದ್ದು ಸಾಬಮ್ಮನಿಗೆ ನೆನಪಿರಲಿಲ್ಲ. ಮನೆಗೆ ಬಂದವಳೇ ನಮಗೂ ಒಂದು ಟೀವಿ ಬೇಕೆಂದಳು. ಜಗದೇವಪ್ಪ ತಕ್ಷಣ ಒಪ್ಪಿದ್ದು ಅವಳಿಗೇ ಸೋಜಿಗವಾಗಿತ್ತು.

ಈಗ ಅಂಗಡಿಯಲ್ಲಿ ಎರಡು ಟೀವಿಗಳೂ ನಡೆಯುತ್ತಿದ್ದವು. ಎರಡರಲ್ಲೂ ಒಬ್ಬನೇ ಮನುಷ್ಯ ಜೋಳದ ಬೆಳೆಯ ವಿಚಾರ ಹೇಳುತ್ತಿದ್ದ. ಕಟ್ಟಿಗೆಯ ಕದವಿದ್ದ ದೊಡ್ಡ ಟೀವಿಯಲ್ಲಿ ಅವನ ಮುಖ ದೊಡ್ಡದಾಗಿತ್ತು, ಆದರೆ ತುಟಿಯ ಅಂಚು ಕಲಸಿಹೋಗಿತ್ತು. ಸಣ್ಣದರಲ್ಲಿ ಹಲ್ಲು ಕೂಡ ಕಾಣುತ್ತಿತ್ತು. ಅವನು ಬೀಜ ಅಂದದ್ದು, ಮಳೆ ಅಂದದ್ದು ಅವಳಿಗೆ ಚೆನ್ನಾಗಿ ತಿಳಿಯಿತು.

"ಇದೇ ಚಲೋ ಅದ ನೋಡ್ರಿ," ಎಂದು ಸಣ್ಣದರ ಮೇಲೆ ಕೈಯಿಟ್ಟಳು.

ಅಮೀರ್ ಅಲಿ ಅವಳ ಎದುರಿಗೆ ಬಂದು, "ಅವ್ವಾರೆ, ಇದರ ಆವಾಜ ಭಾಳ ಕಮ್ಮಿ ಅದ. ಯಜಮಾನ್ರಿಗಿ ಒಂದು ಮಾತು ಕೇಳ್ತೀನಿ ತಡೀರಿ," ಎಂದ. ದೊಡ್ಡ ಟೀವಿಯನ್ನು ಬಂದ್ ಮಾಡಿ, ಹಿಂದೆ ನಿಂತಿದ್ದ ಜಗದೇವಪ್ಪನ ಕಡೆ ಹೋದ.

ಆರಿದ ಗಾಜಿನಲ್ಲಿ ಅಂಗಡಿಯೇ ಮೂಡಿತು. ಟ್ಯೂಬ್‌ಲೈಟಿನ ಗೆರೆ, ಅಮೀರ್ ಅಲಿಯ ಬೆನ್ನು, ಅದರ ಪಕ್ಕ ಗಂಡನ ಮುಖ. ಆ ತುಟಿಗಳನ್ನು ಅವಳು ಬಹಳ ದಿನಗಳ ಮೇಲೆ ನೋಡುತ್ತಿದ್ದಳು.

"ಆಕಿಗಿ ಬೇಕಾದ್ದೇ ಕೊಡ್ರಿ, ಸಾಹೇಬ್ರ," ಎನ್ನುತ್ತಿದ್ದ ಜಗದೇವಪ್ಪ. "ಖರೇ ಹೇಳ್ಬೇಕಂದ್ರ ಟೀವಿ ನನಗೇ ಬೇಕಾಗಿತ್ತು. ಮನ್ಯಾಗ ಯಾರಾರೆ ಮಾತಾಡೋ ಸಪ್ಪಳ ಬೇಕ್ರಿ. ಮಗಳು ಹೋದಾಗಿಂದ ನಾ ಒಬ್ಬನೇ ಇದ್ದಂಗ ಆಗ್ಯಾದ."

ಅಮೀರ್ ಅಲಿ ಏನೋ ಕೇಳಿರಬೇಕು.

"ಆಕಿಗಿ ಏನಂತ ಹೇಳ್ಲಿ? ಆಕಿ ಕಡಿ ಮಾರಿ ತಿರುಗಿಸಿ ಎಲ್ಲಾ ಹೇಳ್ಬೇಕು. ದಣಿದು ಬಂದಿರ್ತೀನ್ರಿ. ಹಂಗೇ ಬಿಟ್ಟುಬಿಟ್ಟೆ."

ಸಾಬಮ್ಮನ ಕೈ ಸಣ್ಣ ಟೀವಿಯ ಮೇಲೆಯೇ ಇತ್ತು. ಆ ಮನೆಯಲ್ಲಿ ಒಂಟಿಯಾಗಿರುವವಳು ತಾನೊಬ್ಬಳೇ ಎಂದು ಅವಳು ಇಷ್ಟು ದಿನ ತಿಳಿದಿದ್ದಳು.

"ದೊಡ್ಡದೇ ಕಟ್ರಿ," ಎಂದಳು ತಿರುಗದೆ. "ಆವಾಜ ಚಲೋ ಇರೋದು."

ಗಾಜಿನಲ್ಲಿ ಜಗದೇವಪ್ಪ ಬೆಚ್ಚಿ ಅವಳ ಬೆನ್ನು ನೋಡಿದ. ಆಮೇಲೆ ಗಾಜನ್ನು ನೋಡಿದ. ಅಲ್ಲಿ ಇಬ್ಬರ ಕಣ್ಣೂ ಕೂಡಿದವು. ಅವನೇ ಮೊದಲು ತಲೆ ತಗ್ಗಿಸಿದ.

ರೈಲಿನಲ್ಲಿ ವಾಡಿ ಬರುವವರೆಗೂ ಅವನು ಟೀವಿಯ ರಸೀದಿಯನ್ನು ಮಡಿಸುತ್ತ ಬಿಚ್ಚುತ್ತ ಇದ್ದ. ಅವಳು ಕಿಟಕಿಯಾಚೆ ಬಿಳಿ ಧೂಳು ಹಿಡಿದ ಜಾಲಿಗಿಡಗಳನ್ನು ನೋಡುತ್ತ ಕೂತಿದ್ದಳು.

ಮರುದಿನ ಟೀವಿ ಬಂತು, ಮಾಳಿಗೆಯ ಮೇಲೆ ಆಂಟೆನಾ ಎದ್ದಿತು. ಸಂಜೆ ಜಗದೇವಪ್ಪ ಗುಂಡಿ ತಿರುವಿದ. ಮಾತು ಮನೆ ತುಂಬಿದ್ದು ಅವನ ಸಡಿಲಾದ ಹೆಗಲುಗಳಿಂದ ಅವಳಿಗೆ ತಿಳಿಯಿತು. ವಾರ್ತೆಯ ಹೆಣ್ಣುಮಗಳು ಬಂದಳು. ಸಾಬಮ್ಮ ಚಾಪೆಯನ್ನು ಮುಂದಕ್ಕೆಳೆದಳು, ಹಿಂದಕ್ಕೆ ಸರಿಸಿದಳು. ಎಲ್ಲಿಂದ ನೋಡಿದರೂ ತುಟಿ ಕಲಸಿಹೋಗಿಯೇ ಕಾಣುತ್ತಿತ್ತು. ಗಂಡ ತನ್ನನ್ನೇ ನೋಡುತ್ತಿರುವುದು ಅವಳಿಗೆ ಗೊತ್ತಾಗಲಿಲ್ಲ.

ಆಗ ಕರೆಂಟು ಹೋಯಿತು. ಕತ್ತಲೆಯೆಂದರೆ ಅವಳಿಗೆ ಎಲ್ಲವೂ ಮುಗಿದಂತೆ. ಮೊಣಕಾಲು ತಬ್ಬಿ ಕೂತಳು. ಜಗದೇವಪ್ಪ ಒಳಗಿನಿಂದ ಚಿಮಣಿ ದೀಪ ಹಚ್ಚಿ ತಂದು ಟೀವಿಯ ಮೇಲಿಟ್ಟ. ಮತ್ತೆ ಚಿಮಣಿ ತೆಗೆದುಕೊಂಡು ಬಂದು ಅವಳೆದುರು ಕುಕ್ಕರಗಾಲಲ್ಲಿ ಕೂತ. ಅದನ್ನು ತನ್ನ ಗದ್ದದ ಹತ್ತಿರ ಹಿಡಿದ.

"ಸಾಬಮ್ಮ," ಎಂದ ನಿಧಾನವಾಗಿ, "ಆ ಹೆಣ್ಮಗಳು ಏನು ಹೇಳಿದಳಂದ್ರ..."

ಅವನ ಒಂದೊಂದು ಮಾತಿಗೂ ದೀಪದ ಕುಡಿ ಅವಳ ಕಡೆ ಬಾಗಿ ಬಾಗಿ ಏಳುತ್ತಿತ್ತು.