ಹಳೆಯ ಡಿಸ್ಕಿನ ಚದುರಂಗ

"ಡಿಸ್ಕ್ ಫುಲ್ ಆಯ್ತಲ್ಲ ಮಾರಾಯ್ರೆ! ಆ ಗೇಮ್ಸ್ ಎಲ್ಲ ಡಿಲೀಟ್ ಮಾಡಿಬಿಡಿ," ಎಂದು ಮ್ಯಾನೇಜರ್ ಸದಾನಂದ ಬಾಗಿಲಿನಿಂದಲೇ ಹೇಳಿ ಹೋದರು. ಶಾಮಲಾಳ ಬೆರಳುಗಳು ಕೀಲಿಗಳ ಮೇಲೆ ಹಾಗೇ ನಿಂತವು.

ಅವುಗಳಲ್ಲಿ ಒಂದು ಚದುರಂಗದ ಆಟ ಇನ್ನೂ ಮುಗಿದಿರಲಿಲ್ಲ. ಮುಂಬಯಿಯ ಕಾಂದಿವಲಿಯ ಈ ಕಂಪ್ಯೂಟರ್ ಆಫೀಸಿನಲ್ಲಿ ಅವಳದು ಬೆಳಗಿನ ಪಾಳಿ, ಧಾರವಾಡದ ನೀಲಕಂಠಪ್ಪನದು ಮಧ್ಯಾಹ್ನದ್ದು. ದಿನಕ್ಕೆ ಅವಳದೊಂದು ನಡೆ, ಅವನದೊಂದು. ಅವಳು ಅವಸರಿಸಿದರೆ ನಗುತ್ತಿದ್ದ. "ಗಡಬಡ ಯಾಕ್ರಿ? ಆಟ ಎಲ್ಲಿ ಓಡಿಹೋಗ್ತದ?" ಹೋದದ್ದು ಅವನೇ. ಕಾಮಾಲೆಗೆ ಒಂಬತ್ತು ದಿನ ಸಾಕಾಯಿತು. ಒಂದು ತಿಂಗಳಿಂದ ಆಟ ಅವನ ನಡೆಗಾಗಿ ಕಾದಿತ್ತು. ಅವನದೆಂದು ಅವಳಿಗೆ ಉಳಿದದ್ದು ಅದೊಂದೇ. ಅಳಿಸಲು ಮನಸ್ಸು ಸುತರಾಂ ಒಪ್ಪಲಿಲ್ಲ.

ಆಟದ ಕಡತಗಳನ್ನೆಲ್ಲ ಯಾರೂ ಬಳಸದ ಹಳೆಯ ಡಿಸ್ಕಿಗೆ ಸಾಗಿಸಿ, ಮೊದಲಿನ ಜಾಗದಲ್ಲಿ ಒಂದು ಲಿಂಕ್ ಇಟ್ಟಳು. ಮನೆ ಬದಲಿಸಿದವರು ಹಳೆಯ ಬಾಗಿಲಿಗೆ ಹೊಸ ವಿಳಾಸ ಅಂಟಿಸಿ ಹೋಗುವ ಹಾಗೆ. ಆಟ ಹಳೆಯ ಹೆಸರಿಗೇ ತೆರೆದುಕೊಂಡಿತು. "ಜಾಗ ಆಯ್ತು ಸಾರ್," ಎಂದು ಸದಾನಂದರಿಗೆ ಹೇಳಿದಳು. ಹೇಳಿದ್ದು ಸುಳ್ಳೇನೂ ಅಲ್ಲ.

ಮರುದಿನ ಆಯುಧಪೂಜೆ. ಆವತ್ತು ಯಾರೂ ಮಷೀನು ಮುಟ್ಟುವ ಹಾಗಿಲ್ಲ, ಎಲ್ಲವೂ ಬಂದ್. ಅವಳು ರಜೆ ಮುಗಿಸಿ ಬಂದಾಗ ದೇವರ ಪಟದ ಮುಂದೆ ಹಳೆಯ ಡಿಸ್ಕು ಕಂಡಿತು. ಮೈತುಂಬ ಕುಂಕುಮ, ಮೇಲೆ ಚೆಂಡು ಹೂವು.

"ಪೂಜೆಗೆ ಏನಾದ್ರೂ ಇಡ್ಬೇಕಲ್ಲ? ಇದು ಸುಮ್ನೆ ಬಿದ್ದಿತ್ತು, ಬಿಚ್ಚಿಸಿದೆ," ಎಂದರು ಸದಾನಂದ. "ಇನ್ನು ಹಾಕೋದು ಬೇಡ. ಕುಂಕುಮ ಒಳಗೆ ಹೋಗಿದೆ."

ಈಗ ವಿಳಾಸವಿತ್ತು, ಮನೆ ಇರಲಿಲ್ಲ. ಯಾರಿಗೂ ಹೇಳದೆ ಬಚ್ಚಿಟ್ಟ ತಪ್ಪು ತನ್ನದೇ. ಆಟದ ಹೆಸರು ಟೈಪ್ ಮಾಡಿದಳು. ಇಲ್ಲವೆಂದು ಮಷೀನೇ ಹೇಳಿಬಿಡಲಿ.

ಹಸಿರು ಪರದೆಯಲ್ಲಿ ಚದುರಂಗದ ಮಣೆ ಮೂಡಿತು. ನೀಲಕಂಠಪ್ಪನ ಕುದುರೆ ಜಾಗ ಬಿಟ್ಟು ಸರಿದಿತ್ತು. ನಡೆಯ ತಾರೀಖು ಆಯುಧಪೂಜೆಯದು. ಶಾಮಲಾ ಹಿಂತಿರುಗಿ ನೋಡಿದಳು. ಡಿಸ್ಕು ಹೂವಿನ ಕೆಳಗೇ ಇತ್ತು.

ಕುದುರೆ ಸರಿದು ಅವನ ರಾಜನ ಮುಂದೆ ಬಯಲಾಗಿತ್ತು. ಅವಳು ಮಂತ್ರಿಯನ್ನು ಒಮ್ಮೆ ನಡೆಸಿದರೆ ಆಟ ಮುಗಿಯುತ್ತಿತ್ತು. ಇಂಥ ತಪ್ಪು ಮಾಡುವವನಲ್ಲ ಅವನು. ಮುಗಿಸಿಬಿಡಿ ಎನ್ನುತ್ತಿದ್ದಾನೆ. ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಇಷ್ಟು ಸುಲಭವಾಗಿ ಬಿಡಲ್ಲ ಕಣ್ರೀ," ಎಂದಳು ಪಿಸುದನಿಯಲ್ಲಿ.

ಗೆಲ್ಲುವ ನಡೆ ಬಿಟ್ಟು ಅಂಚಿನ ಕಾಲಾಳನ್ನು ಒಂದು ಚೌಕ ಮುಂದೆ ಇಟ್ಟಳು. ಆಮೇಲೆ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಬ್ಯಾಗನ್ನು, ಕೂರಲು ಜಾಗ ಮಾಡಿಕೊಡುವವಳಂತೆ, ಎತ್ತಿ ಕೆಳಗಿಟ್ಟಳು.