ಹನ್ನೆರಡರಿಂದ ಮೂರು

"ಬೊಗಳ ಇನ್ನೊಮ್ಮಿ, ರಂಡಿ! ಬಾಯಾಗ ಮಣ್ಣು ತುಂಬ್ಕೊಂಡಿಯೇನ?"

ಮೇಸ್ತ್ರಿ ಭಗವಂತರಾಯನ ಅಂಗೈ ಜಟ್ಟೆಮ್ಮನ ಕೆನ್ನೆಗೆ ಮೂರನೆಯ ಸಲ ಅಪ್ಪಳಿಸಿತು. ಕಗ್ಗದಾಸಪುರದಲ್ಲಿ ಹದಿನಾಲ್ಕು ಅಂತಸ್ತು ಏರಿ ನಿಂತಿದ್ದ ಕಟ್ಟಡದ ಬುಡದಲ್ಲಿ, ಜಲ್ಲಿಯ ರಾಶಿಯ ಪಕ್ಕ, ಬೆಳಗಿನಿಂದ ಇದೇ ಪಾಠ ನಡೆದಿತ್ತು.

ಜಟ್ಟೆಮ್ಮ ತುಟಿಯ ರಕ್ತವನ್ನು ಸೆರಗಿಗೆ ಒತ್ತಿಕೊಂಡಳು. "ನಮಗ ಬಿಸಲು ರೂಢಿ ಅದರಿ. ಮಧ್ಯಾಹ್ನ ಕೆಲಸ ನಿಲ್ಲಸಬ್ಯಾಡ್ರಿ. ನಮ್ಮನ್ನ ಯಾರೂ ಕಳಿಸಿಲ್ರಿ."

"ಹಾಂ, ಈಗ ಬಂತು. ಕಂಪನಿ ಹೆಸರು ಹೊರಗ ಬಿತ್ತಂದ್ರ ನಾಲಿಗಿ ಕಿತ್ತ ಒಗೀತೀನಿ."

ಎಂಟು ದಿನದ ಹಿಂದೆ, ಉರಿಯುವ ಮಧ್ಯಾಹ್ನ, ಅವಳ ಗಂಡ ನಿಂಗಣ್ಣ ಮೇಲಿನ ಸ್ಲ್ಯಾಬಿನಲ್ಲಿ ಕಾಂಕ್ರೀಟಿನ ಬಾಂಡ್ಲಿ ಹೊತ್ತವನು ಹೊತ್ತ ಹಾಗೆಯೇ ಕುಸಿದಿದ್ದ. ಮೈ ಕಾದ ಹಂಚಾಗಿತ್ತು. ಇವಳು 'ಶರಣಬಸಪ್ಪಾ' ಎನ್ನುವಷ್ಟರಲ್ಲಿ ಶಿವ ಕೊಟ್ಟ ಉಸಿರು ಶಿವನಿಗೇ ಹೋಗಿತ್ತು. ಕುಡಿದು ಸತ್ತನೆಂದು ಕಂಪನಿ ಬರೆಸಿತು. ಗುಡಿಯ ತೀರ್ಥ ಬಿಟ್ಟರೆ ಬೇರೇನನ್ನೂ ಕುಡಿಯದ ಮನುಷ್ಯ ಅವನು. ಮರುದಿನವೇ ಆ ಬಾಂಡ್ಲಿ ಮಗಳು ತೇಜಶ್ರೀಯ ತಲೆಗೆ ಬಂತು.

ಸರ್ಕಾರ ಈಗ ಹೊಸ ನಿಯಮ ತರಲು ಹೊರಟಿತ್ತು. ಬೇಸಿಗೆಯಲ್ಲಿ ಹನ್ನೆರಡರಿಂದ ಮೂರರವರೆಗೆ ಬಯಲಿನಲ್ಲಿ ಯಾರನ್ನೂ ದುಡಿಸಬಾರದು. ಇವತ್ತು ಹಲಸೂರಿನಲ್ಲಿ ಅಹವಾಲು ಸಭೆ. ಆ ನಿಯಮ ಬೇಡವೆಂದು ಕೂಲಿಯವರೇ ಬಾಯಿಬಿಟ್ಟು ಹೇಳಬೇಕು. ಕಂಪನಿ ಎಲ್ಲೂ ಕಾಣಬಾರದು.

ಕಂಪನಿಯ ಭಾರ್ಗವ್ ಹಸಿರು ಅಂಗಿಗಳ ಗಂಟು ಬಿಚ್ಚಿದ. ಎದೆಯ ಮೇಲೆ 'ಶ್ರಮಿಕರ ಸ್ವತಂತ್ರ ವೇದಿಕೆ' ಎಂದು ಅಚ್ಚಾಗಿತ್ತು.

"ಸ್ವಲ್ಪ ನ್ಯಾಚುರಲ್ಲಾಗಿ ಮಾತಾಡಮ್ಮ. ಭಗವಂತರಾಯ, ಮುಖಕ್ಕೆ ಹೊಡೀಬೇಡ ಗುರು, ಅಲ್ಲಿ ಕ್ಯಾಮೆರಾ ಇರುತ್ತೆ."

ಭಗವಂತರಾಯ ಅವಳ ಕತ್ತು ಹಿಡಿದು ಮೇಲಕ್ಕೆ ತಿರುಗಿಸಿದ. ಸ್ಲ್ಯಾಬಿನ ಅಂಚಿನಲ್ಲಿ ತೇಜಶ್ರೀಯ ಕೆಂಪು ರವಿಕೆ ಚುಕ್ಕೆಯಾಗಿ ಕಾಣುತ್ತಿತ್ತು.

"ನೀ ನೆಟ್ಟಗ ಮಾತಾಡಿ ಬರೂತನಾ ಆಕಿ ಇಳಿಯಂಗಿಲ್ಲ. ಹನಿ ನೀರೂ ಮ್ಯಾಲ ಹೋಗಂಗಿಲ್ಲ. ತಿಳೀತಿಲ್ಲೋ?"

ಹಲಸೂರಿನ ಸಭಾಂಗಣ ತಣ್ಣಗಿತ್ತು. ಹೊತ್ತು ಹನ್ನೆರಡೂವರೆ. ಭಾರ್ಗವ್ ಯಾರೋ ಪರಕೀಯನಂತೆ ಕೊನೆಯ ಸಾಲಿನಲ್ಲಿ ಫೋನು ತಿಕ್ಕುತ್ತ ಕುಳಿತಿದ್ದ. ವೇದಿಕೆಯ ಮೇಲಿದ್ದ ಅಧಿಕಾರಿ ಅಲಮೇಲು ಕನ್ನಡಕದ ಮೇಲಿಂದ ನೋಡಿದರು.

"ನೀವು ಯಾವ ಕಂಪನಿ ಕೆಲಸದೋರಮ್ಮ?"

ಜಟ್ಟೆಮ್ಮ ಅವರ ಮೇಜಿನ ಮುಂದೆ ನಿಂತು ಮೈಕು ಹಿಡಿದಳು. ಒಂದು ಗಳಿಗೆ ಕಣ್ಣು ಮುಚ್ಚಿದಳು.

"ನಿತ್ಯಾದ್ರಿ ಬಿಲ್ಡರ್ಸ್ ರೀ. ಅಕೋ, ಹಿಂದ ಕುಂತಾನಲ್ರಿ ಫೋನ್ ಹಿಡ್ಕೊಂಡು, ಅಂವನೇ ಕಳಿಸ್ಯಾನ. ಈ ಅಂಗಿ ಅವಂದು, ಕಲಿಸಿದ ಮಾತೂ ಅವಂದು. ನನ್ನ ಗಂಡ ಬಿಸಲಾಗ ಬೆಂದು ಸತ್ತಾನ್ರಿ. ನನ್ನ ಮಗಳು ಈಗ ಅಲ್ಲೇ ನಿಂತಾಳ, ನೀರಿಲ್ಲದ—"

ಗೋಡೆಯ ಬದಿ ಕಾವಲು ನಿಂತಿದ್ದ ಭಗವಂತರಾಯ ಹಾರಿಬಂದು ಅವಳ ಪಕ್ಕೆಗೆ ಗುದ್ದಿದ. ಆ ಗುದ್ದು ಸ್ಪೀಕರುಗಳಿಂದ ಸಭಾಂಗಣಕ್ಕೆಲ್ಲ ಕೇಳಿಸಿತು. ಎರಡನೆಯದೂ ಕೇಳಿಸಿತು.

"ಹುಚ್ಚಿ ಅದಾಳ್ರೀ ಮೇಡಂ! ಗಂಡ ಸತ್ತ ಮ್ಯಾಲ ತಲಿ ಕೆಟ್ಟದ."

ಜಟ್ಟೆಮ್ಮ ಮೈಕನ್ನೇ ಎತ್ತಿ ಅವನ ಬಾಯಿಗೆ ಹೊಡೆದಳು. ಎರಡು ಹಲ್ಲು ಮೇಜಿನ ಕಡತಗಳ ಮೇಲೆ ಬಿದ್ದವು.

ಅಲಮೇಲು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು. "ಶಾಂತಿ, ಶಾಂತಿ. ಏನಿದ್ರೂ ಬರವಣಿಗೇಲಿ ಕೊಡಿ. ಪರಿಶೀಲಿಸ್ತೀವಿ."

"ಬರಿಯಾಕ ಹೊತ್ತಿಲ್ರಿ, ಯವ್ವಾ." ಜಟ್ಟೆಮ್ಮ ಮೇಜಿನಾಚೆಗೆ ಬಾಗಿ ಅವರ ಮಣಿಕಟ್ಟು ಹಿಡಿದಳು. ಗಾಜಿನ ಬಳೆಗಳು ಪಟಪಟನೆ ಒಡೆದವು. "ನಡ್ರಿ. ನೀವೂ ಆ ಸ್ಲ್ಯಾಬ್ ಹತ್ತಿ ನಿಂತು ನೋಡ್ರಿ."

ಮೇಜು ಉರುಳಿತು. ಭಗವಂತರಾಯ ಕಬ್ಬಿಣದ ಕುರ್ಚಿ ಎತ್ತಿ ಅವಳ ಬೆನ್ನಿಗೆ ಬಡಿದ. ಮಂಡಿ ಊರಿದಳು, ಎದ್ದಳು, ಎಳೆದಳು. ಮತ್ತೊಂದು ಏಟು ಬಿತ್ತು. ಬಾಯಿಂದ ರಕ್ತ ಬಂತು, ಕೈ ಸಡಿಲವಾಗಲಿಲ್ಲ.

"ಬಿಡೇ! ಬಿಡೇ ನನ್ನ!" ಅಲಮೇಲು ಚೀರಿದರು.

ಜಟ್ಟೆಮ್ಮ ಬಾಗಿಲನ್ನು ಕಾಲಿನಿಂದ ಒದ್ದಳು. ಬಿಳೀ ಬಿಸಿಲು ಇಬ್ಬರ ಮುಖಕ್ಕೂ ಬಡಿಯಿತು. ಹಿಂದೆ ಕುರ್ಚಿ ಮತ್ತೆ ಮೇಲೆದ್ದಿತ್ತು. ಅವಳು ಹಿಡಿದ ಮಣಿಕಟ್ಟು ಬಿಡದೆ ಮೊದಲನೆಯ ಮೆಟ್ಟಿಲು ಇಳಿದಿದ್ದಳು.