ಎಡಗಡೆಯ ಬೆಳಕು

ಆ ಊರಿಗೆ ಬೆಳಗು ನದಿಯ ಕಡೆಯಿಂದಲೇ ಬರುತ್ತಿತ್ತು. ಮೊದಲು ನೀರಿನ ಮೇಲೆ ಹಾಸಿಕೊಂಡ ಹೊಗೆಬಣ್ಣದ ಮಂಜು ಮೆಲ್ಲನೆ ಮಗ್ಗುಲು ಬದಲಿಸುವುದು. ಆಮೇಲೆ ಹಳೆಯ ಸುಂಕದ ಮನೆಯ ಕಲ್ಲುಗೋಡೆಗೆ, ಜ್ವರ ಬಿಟ್ಟವರ ಮುಖದಲ್ಲಿ ಮೂಡುವಂಥ ಮಂದವಾದ ಕಳೆ. ಅದಾದ ಮೇಲೆ ಹೊಂಬಿಸಿಲು ಒಂದೊಂದೇ ಮೆಟ್ಟಿಲು ಹತ್ತುತ್ತ, ಶತಮಾನಗಳ ಪಾದಸ್ಪರ್ಶದಿಂದ ನಡು ಸವೆದು ಬಟ್ಟಲಾದ ಆ ಕಲ್ಲುಗಳಲ್ಲಿ ಹಿಂದಿನ ಸಂಜೆಯ ಮಳೆ ಬಿಟ್ಟುಹೋದ ನೀರನ್ನು ಕಂಡು ಕ್ಷಣಕಾಲ ನಿಂತು, ಮತ್ತೆ ಮೇಲಕ್ಕೆ ಸಾಗುವುದು... ಒಂದು ಕಾಲಕ್ಕೆ ಸರಕಿನ ದೋಣಿಗಳಿಂದ ಕಿಕ್ಕಿರಿದಿದ್ದ ದಡವಂತೆ ಅದು. ಈಗ ದೋಣಿಗಳು ನಾಲ್ಕೇ. ಪಾಳುಬಿದ್ದ ಕಣಜ, ಕಾವಲುಗೋಪುರ, ಅವುಗಳ ನಡುವೆ ದಡವನ್ನೂ ಗುಡ್ಡವನ್ನೂ ಹೆಣೆದು ಸಾಗುವ ಕಾಲುದಾರಿ. ಇತಿಹಾಸ ಎದ್ದುಹೋದ ಮೇಲೂ ಅದು ಕುಳಿತಿದ್ದ ಜಾಗ ಇನ್ನೂ ಬೆಚ್ಚಗಿದೆಯೇನೋ ಎನ್ನಿಸುವಂಥ ಊರು! ನೀವೂ, ಮಿತ್ರರೇ, ಎಂದಾದರೊಮ್ಮೆ ಇಂಥ ಊರಿಗೆ ಹೋಗಿಬಂದಿರಬಹುದು. ನಾಲ್ಕು ಚಿತ್ರ ತೆಗೆದುಕೊಂಡು, ಕಾಲು ನೋಯಿಸಿಕೊಂಡು, ಸುಖವಾಗಿ ಮನೆಗೆ ಮರಳಿರಬಹುದು. ಆ ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತಿದ್ದ ಹೆಂಗಸು ಬರುತ್ತಿದ್ದುದು ಮಾತ್ರ ಒಂದು ಸಾವಿನ ಸುದ್ದಿ ತಿಳಿಸಲು.

ಆಕೆ ರಕ್ತಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವವಳು. ಹತ್ತು ವರ್ಷಗಳ ಹಿಂದೆ ಮದುವೆ ಮುರಿದು, ಎಂಟು ವರ್ಷದ ಮಗಳ ಕೈ ಹಿಡಿದು ಅಕ್ಕನ ಮನೆಯ ಬಾಗಿಲಲ್ಲಿ ನಿಂತಾಗ ಅಕ್ಕ ಒಂದು ಮಾತೂ ಕೇಳಿರಲಿಲ್ಲ; ಅಟ್ಟದಿಂದ ಇನ್ನೊಂದು ಹಾಸಿಗೆ ಇಳಿಸಿದ್ದಳು, ಅಷ್ಟೆ. ಅಕ್ಕ ಮದುವೆಯಾಗದೆ ಉಳಿದವಳು. ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವಳ ವೃತ್ತಿ. ಅನ್ಯರ ಸಾವಿರಾರು ಪುಟಗಳ ಕಾಗುಣಿತವನ್ನು ಸರಿಪಡಿಸುತ್ತ ಸರಿಪಡಿಸುತ್ತ ಅವಳ ಕೂದಲು ಕಿವಿಯ ಬಳಿ ಬೆಳ್ಳಗಾಗಿತ್ತು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟ ತಟ್ಟೆಯಂತಾಗುವ ದಿನಗಳಲ್ಲಿ, ‘ಪ್ರೆಸ್ಸಿನ ಕೆಲಸ’ ಎಂದು ನಾಲ್ಕು ದಿನ ಹೋಗಿಬರುವಳು. ಬಂದ ಮೇಲೆ ವಾರವಿಡೀ ಒಲೆಯ ಮುಂದೆ ತನಗೆ ತಾನೇ ಏನನ್ನೋ ಗುನುಗುವಳು. ತಂಗಿ ಅದನ್ನು ಗಮನಿಸಿದ್ದಳು, ಕಾರಣ ಕೇಳಿರಲಿಲ್ಲ. ಮನೆಯೊಳಗೇ ಇರುವವರ ಸಂತೋಷಕ್ಕೆ ನಾವು ಕಾರಣ ಕೇಳುವುದುಂಟೇ?

ಏಳು ವಾರಗಳ ಹಿಂದೆ, ಒಂದು ಮಂಗಳವಾರ, ಕರಡಿನ ಹಾಳೆಯ ಮೇಲೆ ತಲೆಯಿಟ್ಟ ಅಕ್ಕ ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು. ಪ್ರೆಸ್ಸಿನವರು ತಂದುಕೊಟ್ಟ ಚೀಲದಲ್ಲಿ ಕನ್ನಡಕದ ಜೊತೆಗೆ, ದುಂಡಾದ ಅಕ್ಷರಗಳಲ್ಲಿ ಬರೆದು ಮುಗಿಸಿ, ಕೊಡದೆ ಉಳಿದಿದ್ದ ರಾಜೀನಾಮೆ ಪತ್ರವೊಂದಿತ್ತು: ‘ಬೇರೆ ಊರಿನಲ್ಲಿ ನೆಲೆಸುವ ಉದ್ದೇಶವಿರುವುದರಿಂದ...’ ಯಾವ ಊರು? ತಂಗಿಗೆ ತಲೆಬುಡ ತಿಳಿಯಲಿಲ್ಲ. ಕಳೆದ ವಾರ ಅಕ್ಕನ ಫೋನಿಗೆ ವಸತಿಗೃಹದೊಡತಿಯೊಬ್ಬಳ ಕರೆ ಬಂತು. “ಅಮ್ಮ, ನದಿ ಕಡೆ ರೂಮು ಪ್ರತಿ ವರ್ಷದ ಹಾಗೆ ನಿಮಗೇ ಇಟ್ಟಿದ್ದೀನಿ. ಯಾವತ್ತು ಬರ್ತೀರಿ ಅಂತ ದಾರಿ ಮೇಷ್ಟ್ರು ಆಗಲೇ ಎರಡು ಸಲ ಬಂದು ಕೇಳಿದ್ರು.” ಅಕ್ಕ ಇಲ್ಲವೆಂದು ತಂಗಿ ಹೇಳಲಿಲ್ಲ. “ಶುಕ್ರವಾರ ಬೆಳಿಗ್ಗೆ” ಎಂದಷ್ಟೇ ಹೇಳಿ ಫೋನಿಟ್ಟಳು.

ಬಸ್ಸು ನಿಂತಿತು. ನಿಲ್ದಾಣದ ಕಂಬಕ್ಕೆ ಒರಗದೆ, ನೆಟ್ಟಗೆ ನಿಂತಿದ್ದವರು ಐವತ್ತು ದಾಟಿದ ಒಬ್ಬ ಎತ್ತರದ ಮನುಷ್ಯ. ಇಸ್ತ್ರಿಯ ಗೆರೆ ಇನ್ನೂ ಮುರಿಯದ ಬಿಳಿ ಅಂಗಿ. ಉಗುರಿನ ಸಂದಿಯಲ್ಲಿ ಮಾತ್ರ ಎಷ್ಟು ಉಜ್ಜಿದರೂ ಹೋಗದ ಬಣ್ಣ. ಕಾಲುದಾರಿಯ ಮುಳ್ಳು ಸವರುವುದು, ಕಲ್ಲು ಕೂರಿಸುವುದು, ಫಲಕ ಬರೆಯುವುದು, ಬಂದವರಿಗೆ ಊರು ತೋರಿಸುವುದು ಅವರ ಕೆಲಸ. ಎಂದೂ ಪಾಠ ಹೇಳದಿದ್ದರೂ ಊರಿಗೆಲ್ಲ ದಾರಿ ಮೇಷ್ಟ್ರು. ಹೆಂಡತಿ ತೀರಿ ಹದಿನೈದು ವರ್ಷವಾಗಿತ್ತು. ಇಳಿದವರನ್ನೆಲ್ಲ ಅವರ ಕಣ್ಣು ಒಬ್ಬೊಬ್ಬರನ್ನಾಗಿ ದಾಟಿಹೋಯಿತು, ಬಸ್ಸು ಖಾಲಿಯಾಯಿತು, ಕಡೆಗೆ ಆ ಕಣ್ಣು ಈಕೆಯ ಮುಖಕ್ಕೆ ಬಂದು ನಿಂತಿತು.

“ನೀವು ತಂಗಿ ಅಲ್ವಾ? ಗಲ್ಲ ಥೇಟ್ ಅವರದೇ.”

“ಹೌದು.”

“ಅವರು ಬರ್ಲಿಲ್ವಾ?”

ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಉರುಹೊಡೆದುಕೊಂಡು ಬಂದಿದ್ದಳು ಆಕೆ. ಆ ಅಂಗಿಯ ಗೆರೆಯನ್ನು ಕಂಡೊಡನೆ ಅದು ಮರೆತುಹೋಯಿತು. “ಬರೋಕೆ... ಆಗಲಿಲ್ಲ” ಎಂದಳು.

ಅವರ ಮುಖ ಒಂದು ಕ್ಷಣ ಕಳೆಗುಂದಿತು. ಮರುಕ್ಷಣ, ಮೋಡದ ಅಂಚಿನಿಂದ ಬಿಸಿಲು ಇಣುಕುವಂತೆ, ಅಲ್ಲಿ ಬೇರೊಂದು ಅರ್ಥ ಹೊಳೆಯಿತು. “ಓ... ಮೊದಲು ನಿಮ್ಮನ್ನ ಕಳಿಸಿದ್ದಾರೆ. ನೋಡ್ಕೊಂಡು ಬಾ ಅಂತ.” ನಕ್ಕು, ಕೂದಲಿಲ್ಲದ ನೆತ್ತಿಯ ಮೇಲೆ ಕೈಯಾಡಿಸಿಕೊಂಡರು. “ಈ ವಯಸ್ಸಲ್ಲಿ ಇದೊಂದು ಪರೀಕ್ಷೆ ನನಗೆ. ಬನ್ನಿ, ಎಲ್ಲಾ ತೋರಿಸ್ತೀನಿ. ಏನೂ ಮುಚ್ಚುಮರೆ ಇಲ್ಲ.”

ಅಯ್ಯೋ, ಆ ನಗುವಿಗೆ ಎದುರಾಡುವ ಎದೆ ಯಾರಿಗಿದ್ದೀತು! ಆಕೆ ಹಿಂಬಾಲಿಸಿದಳು.

ಸುಂಕದ ಮನೆಯ ಮುಂದೆ, ದಾರಿ ಆರಂಭವಾಗುವಲ್ಲಿ, ನೀಲಿ ಫಲಕವೊಂದಿತ್ತು. ಅದರ ಎದುರು ನಿಂತು ಅವರು ಹೇಳಿದರು: “ಒಂಬತ್ತು ವರ್ಷದ ಹಿಂದೆ ಇಲ್ಲಿ ‘ಮುಕ್ಯ ದ್ವಾರ’ ಅಂತ ಬರೆದಿದ್ದೆ. ಯಾರೋ ಒಬ್ಬರು ಚೀಲದಿಂದ ಕೆಂಪು ಪೆನ್ಸಿಲ್ ತೆಗೆದು ತಿದ್ದುತಾ ಇದ್ರು. ಜಗಳಕ್ಕೆ ಹೋದೆ. ‘ನೋಡಿ, ನೀವು ಮಹಾಪ್ರಾಣ ತೆಗೆದುಬಿಟ್ಟಿದ್ದೀರಿ; ಪ್ರಾಣ ಕೊಡ್ತಾ ಇದ್ದೀನಿ, ಬೈತೀರಲ್ಲ’ ಅಂದ್ರು. ಊರಲ್ಲಿರೋ ಫಲಕ ಎಲ್ಲಾ ತೋರಿಸಿದೆ. ಇಪ್ಪತ್ತಾರು ತಪ್ಪು ಸಿಕ್ಕಿತು. ತಿದ್ದೋಕೆ ನಾಲ್ಕು ದಿನ ಹಿಡೀತು.”

ತಂಗಿಗೆ ನಗು ಬಂತು. ಊಟದ ಹೊತ್ತಿಗೆ ದಿನಪತ್ರಿಕೆಯ ತಪ್ಪುಗಳನ್ನು ಗೊಣಗುತ್ತ ಎಣಿಸುತ್ತಿದ್ದ ಅಕ್ಕ... ಅಪರಿಚಿತನೊಬ್ಬನ ಮುಂದೆ ಹೀಗೆ ಸರಸವಾಡಬಲ್ಲವಳಾಗಿದ್ದಳೇ!

ಕಣಜದ ಹಿಂಬದಿಯ ಏರಿನಲ್ಲಿ ಅವರು ನಿಧಾನಿಸಿದರು. ಕೆಳಗೆ ನದಿ, ಅವಸರವಿಲ್ಲದ ಯೋಚನೆಯಂತೆ, ಊರನ್ನು ಬಳಸಿ ಹರಿಯುತ್ತಿತ್ತು. “ಹೋದ ವರ್ಷ ಇಲ್ಲೇ ಕೇಳಿದ್ದು,” ಎಂದರು, ಅವಳತ್ತ ನೋಡದೆ. “ಮದುವೆ ಆಗೋಣ, ಇಲ್ಲೇ ಇದ್ದುಬಿಡಿ ಅಂತ. ಮುಂದಿನ ಸಲ ಬಂದಾಗ ಹೇಳ್ತೀನಿ ಅಂದ್ರು. ನಡುವೆ ಫೋನು ಬೇಡ, ಕಾಗದ ಬೇಡ. ಅದು ಮೊದಲಿಂದಲೂ ಅವರ ನಿಯಮ. ‘ನಿಮ್ಮ ಧ್ವನಿ ಕೇಳ್ತಾ ಅಲ್ಲಿರೋಕೆ ನನ್ನಿಂದ ಆಗಲ್ಲ’ ಅಂತಿದ್ರು. ನಿಮ್ಮ ಬಗ್ಗೆ, ಮಗುವಿನ ಬಗ್ಗೆ ತುಂಬಾ ಹೇಳ್ತಿದ್ರು.”

ತಂಗಿಯ ಕಾಲು ನಿಂತುಹೋಯಿತು. ಹೋದ ವರ್ಷ, ಗುನುಗಿನ ಆ ವಾರದಲ್ಲೇ, ಸಾರಿಗೆ ಉಪ್ಪು ಹಾಕುತ್ತ ಅಕ್ಕ ಕೇಳಿದ್ದಳು: “ನಾನೇನಾದ್ರೂ ಬೇರೆ ಊರಿಗೆ ಹೋದ್ರೆ ನೀನು ಇರ್ತೀಯೇನೇ?” ತಂಗಿ ತಾನು ಓದುತ್ತಿದ್ದ ಹಾಳೆಯಿಂದ ತಲೆಯೆತ್ತದೆ ನಕ್ಕಿದ್ದಳು: “ಹೋಗು ನೋಡೋಣ. ನೀನಿಲ್ದೆ ನನಗೆ ಹಾಲು ಕಾಯಿಸೋಕೂ ಬರಲ್ಲ.” ಅಕ್ಕ ಉಪ್ಪಿನ ಡಬ್ಬಿ ಮುಚ್ಚಿದ್ದಳು. ಮಾತು ಅಲ್ಲಿಗೆ ಮುಗಿದಿತ್ತು... ಈ ವರ್ಷ ಮಗಳು ಕಾಲೇಜಿಗೆಂದು ಹಾಸ್ಟೆಲ್ ಸೇರಿದ ಮರುವಾರವೇ ಆ ರಾಜೀನಾಮೆ ಪತ್ರಕ್ಕೆ ತಾರೀಖು ಬಿದ್ದಿತ್ತು.

ಹಗುರವಾಗಿ ಆಡಿದ ಒಂದು ಮಾತಿಗೆ ಒಂದು ವರ್ಷದ ತೂಕವಿರಬಹುದೆಂದು ಯಾರಿಗೆ ಗೊತ್ತಿರುತ್ತದೆ!

ಅವರ ಮನೆ ಗೋಪುರದ ದಾರಿಯಲ್ಲಿತ್ತು. ಚಿಕ್ಕದು, ಅಡುಗೆಮನೆಯಲ್ಲಿ ಒಬ್ಬರಿಗೆ ಸಾಲುವಷ್ಟೇ ಪಾತ್ರೆ. ಮಹಡಿಯ ಕೋಣೆಯ ಬಾಗಿಲು ತೆರೆದಾಗ ಹೊಸ ಸುಣ್ಣದ ವಾಸನೆ ಎದುರುಗೊಂಡಿತು. ಕಿಟಕಿಯಾಚೆ ನದಿ. ಕಿಟಕಿಗೆ ಓರೆಯಾಗಿ ಒಂದು ಮರದ ಮೇಜು, ಅಂಚುಗಳನ್ನೆಲ್ಲ ಉಜ್ಜಿ ಉಜ್ಜಿ ರೇಷ್ಮೆಯಂತಾಗಿಸಿದ್ದು.

“ನಾನೇ ಮಾಡಿದ್ದು,” ಎಂದರು. ಮದುವಣಿಗನ ಸಂಕೋಚ ಆ ಧ್ವನಿಯಲ್ಲಿತ್ತು. “ಕರಡು ನೋಡೋರಿಗೆ ಬೆಳಕು ಎಡಗಡೆಯಿಂದ ಬರಬೇಕು, ಇಲ್ಲಾಂದ್ರೆ ಕೈ ನೆರಳು ಅಕ್ಷರದ ಮೇಲೆ ಬೀಳುತ್ತೆ ಅಂತ ಒಂದು ಸಲ ಹೇಳಿದ್ರು. ನೀವು ಸ್ವಲ್ಪ ಕೂತು ನೋಡ್ತೀರಾ? ಎತ್ತರ ನಿಮ್ಮಷ್ಟೇ ಅಲ್ವಾ ಅವರೂ?”

ಆಕೆ ಕುಳಿತಳು. ಎಡಗಡೆಯಿಂದ ಬೆಳಕು ಬಂತು; ತಾಯಿಯ ಅಂಗೈಯಂತೆ ಮೇಜಿನ ಮೇಲೆ ಹರಡಿತು. ಎಲ್ಲಿಯೂ ನೆರಳಿರಲಿಲ್ಲ. ಆ ನಿಷ್ಕಳಂಕ ಬೆಳಕಿನ ಮುಂದೆ ಇನ್ನು ಒಂದು ಗಳಿಗೆಯೂ ಸುಳ್ಳನ್ನು ಹಿಡಿದಿಡಲು ಅವಳಿಂದಾಗಲಿಲ್ಲ.

“ಅಕ್ಕ ಇಲ್ಲ,” ಎಂದಳು. “ತೀರಿಕೊಂಡಳು. ಏಳು ವಾರ ಆಯ್ತು. ಬಸ್ ಸ್ಟ್ಯಾಂಡಲ್ಲೇ ಹೇಳಬೇಕಿತ್ತು... ಬಾಯಿ ಬರಲಿಲ್ಲ.”

ಹೊರಗೆಲ್ಲೋ ದೋಣಿಯವನೊಬ್ಬ ಯಾರನ್ನೋ ಕೂಗಿದ. ಅವರು ಕೇಳಿದರು: “ಯಾವ ವಾರ?”

“ಮಂಗಳವಾರ. ಮಧ್ಯಾಹ್ನ.”

“ಮಂಗಳವಾರ...” ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದರು. “ಈ ಗೋಡೆಗೆ ಸುಣ್ಣ ಹೊಡೀತಾ ಇದ್ದೆ.”

ಇಲ್ಲಿ, ಓದುಗರೇ, ತಂಗಿಯ ಮುಂದೆ ಎರಡು ದಾರಿಗಳಿದ್ದವು. ಅಕ್ಕನ ಉತ್ತರ ಗೊತ್ತಿಲ್ಲವೆಂದು ಸುಮ್ಮನಿದ್ದರೆ ಅವರ ದುಃಖ ಅಷ್ಟಕ್ಕೇ ನಿಲ್ಲುತ್ತಿತ್ತು. ತನ್ನ ತಪ್ಪೂ ಮುಚ್ಚಿಹೋಗುತ್ತಿತ್ತು. ಆದರೆ ಆಗ, ಒಂಬತ್ತು ವರ್ಷ ಕಾದ ಈ ಮನುಷ್ಯ ಬದುಕಿನುದ್ದಕ್ಕೂ ಉತ್ತರವಿಲ್ಲದ ಪ್ರಶ್ನೆಯ ಪಕ್ಕದಲ್ಲಿ ಮಲಗಬೇಕಾಗುತ್ತಿತ್ತು. ಆಕೆ ಚೀಲ ತೆರೆದು ಪತ್ರವನ್ನು ಮೇಜಿನ ಮೇಲಿಟ್ಟಳು.

“ಅವಳು ಬರೋಳಿದ್ದಳು. ಇದು ಅವಳ ರಾಜೀನಾಮೆ. ಓದಿ. ಹೋದ ವರ್ಷವೇ ಬಂದುಬಿಡ್ತಿದ್ದಳೇನೋ... ನನ್ನನ್ನ ಕೇಳಿದ್ದಳು. ನಾನು ತಮಾಷೆ ಮಾಡಿದೆ. ನೀನಿಲ್ದೆ ನನಗಾಗಲ್ಲ ಅಂದೆ. ಅದಕ್ಕೆ ಉಳಿದಳು. ನಿಮ್ಮ ಒಂದು ವರ್ಷ ನಾನು ತಿಂದೆ.”

ಅವರು ಓದಿದರು. ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದರು. ಕಣ್ಣೀರು ಮೂಗಿನ ತುದಿಗೆ ಬಂದು ನಿಂತಾಗ, ಅಕ್ಷರದ ಮೇಲೆ ಬೀಳದಂತೆ ಹಾಳೆಯನ್ನು ಪಕ್ಕಕ್ಕೆ ಸರಿಸಿದರು.

“ನೀವು ತಮಾಷೆ ಮಾಡಿರಬಹುದು,” ಎಂದರು ಕಡೆಗೆ. “ಅವರು ನಿಮ್ಮ ಮಾತಿಗೆ ಹೆದರಿ ಉಳಿದವರಲ್ಲ. ಮಗುವಿನ ಓದು ಒಂದು ದಡ ಸೇರಲಿ ಅಂತ ನನ್ನ ಹತ್ತಿರವೂ ಅಂದಿದ್ರು. ಆ ವರ್ಷ ಅವರೇ ಕೊಟ್ಟಿದ್ದು. ಕೊಟ್ಟಿದ್ದನ್ನ ತಿಂದೆ ಅನ್ನಬೇಡಿ.”

ಆಗ ಆಕೆ ಅತ್ತಳು. ಏಳು ವಾರಗಳಲ್ಲಿ ಮೊದಲ ಬಾರಿಗೆ, ಅಪರಿಚಿತರೊಬ್ಬರ ಮೇಜಿನ ಮೇಲೆ ಮುಖವಿಟ್ಟು, ಮಳೆಗಾಲದ ಮೊದಲ ಮಳೆಯಂತೆ ತಡೆತಡೆದು, ಆಮೇಲೆ ತಡೆಯಿಲ್ಲದೆ... ಅವರು ಕಿಟಕಿಯ ಸರಳು ಹಿಡಿದು ನಿಂತೇ ಇದ್ದರು.

ನಾಲ್ಕು ಗಂಟೆಗೆ ದೂರದಿಂದ ಬಂದ ಹನ್ನೊಂದು ಮಂದಿ ಸುಂಕದ ಮನೆಯ ಮುಂದೆ ಕಾಯುತ್ತಿದ್ದರು. ಇವತ್ತು ಬೇಡವೆಂದು ಹೇಳಿ ಕಳಿಸಬಹುದಿತ್ತು. ಅವರು ಮುಖ ತೊಳೆದು ಹೊರಟರು. “ಮನೇಲಿ ಕೂತು ಏನು ಮಾಡಲಿ?” ಎಂದರು. ತಂಗಿ ಗುಂಪಿನ ಹಿಂದೆ ಹಿಂದೆ ನಡೆದಳು. ಕಲ್ಲುಗೋಡೆಯ ಮೇಲೆ ಹಳೆಯ ಪ್ರವಾಹಗಳು ಎಲ್ಲಿಯವರೆಗೆ ಏರಿದ್ದವೆಂದು ಕೊರೆದಿಟ್ಟ ಗೆರೆಗಳನ್ನು ಅವರು ತೋರಿಸುತ್ತಿದ್ದರು. ಧ್ವನಿ ಎರಡು ಕಡೆ ಕುಸಿಯಿತು, ಕೇಳುವವರು ಆಯಾಸವೆಂದುಕೊಂಡರು. ಗುಂಪಿನಲ್ಲಿದ್ದ ವೃದ್ಧೆಯೊಬ್ಬಳು ಏದುಸಿರು ಬಿಡುತ್ತ ತಂಗಿಯ ಪಕ್ಕದಲ್ಲಿ ನಿಂತು ಕೇಳಿದಳು:

“ನೀವೂ ನಮ್ಮ ಹಾಗೆ ಊರು ನೋಡೋಕೆ ಬಂದೋರಾ ತಾಯಿ?”

“ಇಲ್ಲ,” ಎಂದಳು ತಂಗಿ. ಗಟ್ಟಿಯಾಗಿಯೇ ಹೇಳಿದಳು. “ಇವರು ನಮ್ಮ ಭಾವ.”

ಗೆರೆಯ ಮೇಲಿದ್ದ ಅವರ ಬೆರಳು ಅಲ್ಲಿಯೇ ನಿಂತಿತು. ತಿರುಗಲಿಲ್ಲ, ಭುಜಗಳು ಮಾತ್ರ ಒಮ್ಮೆ ಮೇಲೆದ್ದು ಇಳಿದವು. ಆಮೇಲೆ ಗಂಟಲು ಸರಿಮಾಡಿಕೊಂಡು, ಈ ನೀರು ಇಳಿಯಲು ಹದಿನಾಲ್ಕು ದಿನ ಹಿಡಿಯಿತು ಎಂದು ಮುಂದುವರಿಸಿದರು.

ಎಷ್ಟೋ ಪ್ರೀತಿಗಳು ಈ ಲೋಕದಲ್ಲಿ ಸಾಕ್ಷಿಯಿಲ್ಲದೆ ಹುಟ್ಟಿ, ಸಾಕ್ಷಿಯಿಲ್ಲದೆ ಬಾಳಿ, ಒಂದು ಹೆಸರನ್ನೂ ಪಡೆಯದೆ ಮುಗಿದುಹೋಗುತ್ತವೆ. ಮುಗಿದ ಮೇಲೆ ಉಳಿದವರಿಗೆ ಅಳುವ ಹಕ್ಕೂ ಇರುವುದಿಲ್ಲ. ಅವರು ಯಾರಿಗೆ ಏನಾಗಬೇಕು? ಅಂಥವರ ದುಃಖವನ್ನು ಕಡಿಮೆ ಮಾಡುವ ಶಕ್ತಿ ಮನುಷ್ಯರಿಗಿಲ್ಲ. ಆದರೆ ಹತ್ತು ಜನರ ಎದುರು, ಹಗಲು ಬೆಳಕಿನಲ್ಲಿ, ಆ ದುಃಖ ನಿನ್ನದೇ ಎಂದು ಒಪ್ಪಿ ಅದಕ್ಕೊಂದು ನಂಟಿನ ಹೆಸರಿಡುವುದು ಮನುಷ್ಯರಿಗೆ ಸಾಧ್ಯ. ಅದು ತೀರ ಸ್ವಲ್ಪ... ಆದರೂ ಬಹುಶಃ ನಾವು ಒಬ್ಬರಿಗೊಬ್ಬರು ಕೊಡಬಲ್ಲದ್ದು ಅಷ್ಟೇ.